ಪಾಲಿಶ್ ಭಾವನ ಹಳದಿ ಬಟ್ಟೆ

ಮೊನ್ನೆ ಗೇಟಿಗೆ ಪೇಂಟ್ ಹೊಡೆಯಲು ಒಬ್ಬರು ಬಂದಿದ್ದರು. ಡಬ್ಬಿಯ ತಳದಲ್ಲಿ ಸ್ವಲ್ಪ ಬಣ್ಣ ಉಳಿಯಿತು. ದಂಡ ಯಾಕೆ ಮಾಡುವುದು, ಜಗಲಿಯಲ್ಲಿರುವ ಕಬ್ಬಿಣದ ಕುರ್ಚಿಗೂ ಬಳಿದುಬಿಡಿ ಎಂದೆ. ಸ್ವಲ್ಪ ಹೊತ್ತಿನಲ್ಲೇ ಆಸಾಮಿ ಬ್ರಷ್ ಹಿಡಿದುಕೊಂಡೇ ಒಳಗೆ ಬಂದರು.

“ಸರ್, ಈ ಚೇರಿಗೆ ನೀವು ಎಂತ ಮಾಡಿದ್ದೀರಿ? ಪೇಂಟೇ ಹಿಡಿಯುದಿಲ್ಲ. ಬಳಿದ ಕೂಡ್ಲೆ ಅಲ್ಲಲ್ಲಿ ಸರಿದು ಗುಂಡಿ ಬೀಳ್ತದೆ.”

“ಸೀಟಿನಲ್ಲಿ ಮಾತ್ರ ಅಲ್ವಾ?” ಎಂದೆ. ಸೀಟಿನ ಕಥೆ ನನಗೆ ಗೊತ್ತಿತ್ತು.

“ಸೀಟು, ಬೆನ್ನು, ಕಾಲು, ಎಲ್ಲ ಕಡೆ. ಸೀಟಿನ ಅಡಿಯಲ್ಲಿಯೂ ಉಂಟು.”

ಎದ್ದು ಹೋಗಿ ನೋಡಿದೆ. ಹೌದು. ನೀರುದೋಸೆಯ ತೂತುಗಳ ಹಾಗೆ, ನಾಲ್ಕೂ ಕಾಲುಗಳ ಮೇಲೆ. “ಬಿಡಿ, ಅದಕ್ಕೆ ಒಬ್ಬರ ಕೈ ತಾಗಿದೆ” ಎಂದೆ. ಆ ಜನ ಬ್ರಷ್ಷನ್ನು ಡಬ್ಬಿಗೆ ಹಾಕಿ ಎರಡು ಹೆಜ್ಜೆ ಹಿಂದೆ ಸರಿದರು. ನಮ್ಮೂರಿನಲ್ಲಿ ಹೀಗೆಲ್ಲ ಅರ್ಧ ಮಾತು ಹೇಳಿ ನಿಲ್ಲಿಸಬಾರದು.

ಆ ಕೈ ಭೂತದ್ದಲ್ಲ, ಪಾಲಿಶ್ ಭಾವನದ್ದು. ನಿಜವಾದ ಹೆಸರು ಬೇಡ. ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲ ನಮ್ಮ ಸುತ್ತಮುತ್ತಲೇ ಇದ್ದಾರೆ, ನಾಳೆ ಜವಳಿ ಅಂಗಡಿಯಲ್ಲಿ ಮುಖ ನೋಡಬೇಕು. ಊರಿಗೆಲ್ಲ ‘ಭಾವ’ ಎನ್ನುತ್ತಿದ್ದರು, ಹಾಗಾಗಿ ಊರೂ ಅವರಿಗೆ ಭಾವ ಎಂದಿತು. ‘ಪಾಲಿಶ್’ ಎಂಬುದನ್ನು ಬೆನ್ನ ಹಿಂದೆ ಸೇರಿಸಿತು.

ಅರವತ್ತರ ದಶಕದ ಶುರುವಿನಲ್ಲಿ ನಾನು ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ ಏಜೆಂಟ್. “ಸುಳ್ಯ, ಸುಳ್ಯ” “ಕಡಬ, ಕಡಬ” ಎಂದು ಗಂಟಲು ಹರಿಯುವವರೆಗೆ ಕೂಗಿ ಜನ ತುಂಬಿಸುವುದು ನನ್ನ ಉದ್ಯೋಗ. ನನ್ನ ಗೂಡಿನಂಥ ಆಫೀಸಿನ ಎದುರೇ ಟ್ಯಾಕ್ಸಿ ನಿಲ್ಲುವ ಜಾಗ. ಟ್ಯಾಕ್ಸಿ ಎಂದರೆ ಇದ್ದದ್ದೇ ಬೆರಳೆಣಿಕೆಯಷ್ಟು, ಅದರಲ್ಲಿ ಭಾವನ ಕಪ್ಪು ಲ್ಯಾಂಡ್‌ಮಾಸ್ಟರ್ ಮಾತ್ರ ಬೇರೆ ಜಾತಿಯದು. ಉಳಿದ ಕಾರುಗಳು ಓಡುತ್ತಿದ್ದವು. ಭಾವನ ಕಾರು ಹೊಳೆಯುತ್ತಿತ್ತು. ಓಡುವುದು ಅದಕ್ಕೆ ಅನಿವಾರ್ಯವಾದಾಗ ಮಾಡುವ ಸಣ್ಣ ಕೆಲಸ.

ಬಿಳಿ ಪಂಚೆ, ಬಿಳಿ ಅಂಗಿ, ಎಡಹೆಗಲ ಮೇಲೆ ಒಂದು ಹಳದಿ ಫ್ಲಾನೆಲ್ ಬಟ್ಟೆ. ಬೇರೆಯವರ ಹೆಗಲಲ್ಲಿ ಮೈ ಒರೆಸುವ ಬೈರಾಸು ಇರುತ್ತದಲ್ಲ, ಅದರ ಜಾಗದಲ್ಲಿ ಅದು. ನನ್ನ ಆಫೀಸಿಗೆ ದಿನಾ ಬೆಳಿಗ್ಗೆ ಪೇಪರ್ ಓದಲು ಬರುತ್ತಿದ್ದರು. ಬಂದವರು ಬಟ್ಟೆ ತೆಗೆದು ಕುರ್ಚಿಯ ಸೀಟಿನ ಮೇಲೆ ಎಡದಿಂದ ಬಲಕ್ಕೆ ದೊಡ್ಡ ಅರ್ಧ ಚಂದ್ರ ಎಳೆಯುವುದು, ಮತ್ತೆ ಕೂರುವುದು. ನನ್ನ ಕುರ್ಚಿಯಲ್ಲಿ ಧೂಳಿದೆ ಎಂದು ನನಗೇ ತಿಳಿಸುವ ಅವರ ಕ್ರಮ ಅದು.

“ಮುಖ ಕಾಣ್ಬೇಕು ಭಾವ” ಎನ್ನುವುದು ಅವರ ಬಾಯಿಯ ಮಾತು. “ಕಾರು ಅಂದ್ರೆ ಮುಖ ಕಾಣ್ಬೇಕು.” ಯಾರ ಮುಖ ಎಂದು ಕೇಳುವ ಅಗತ್ಯವೇ ಇರಲಿಲ್ಲ. ದಿನಾ ಅವರು ತಲೆ ಬಾಚುತ್ತಿದ್ದದ್ದು ಬಾನೆಟ್ಟಿಗೆ ಬಗ್ಗಿ.

ಆ ಕಾರು ಹತ್ತುವುದು ಸುಲಭದ ಸಂಗತಿಯಲ್ಲ. ಡಿಕ್ಕಿಯಲ್ಲಿ ಒಂದು ಕೊಡ ನೀರು, ಒಂದು ಚೆಂಬು ಸದಾ ಸಿದ್ಧ. ಮನೆಗೆ ಬಂದ ನೆಂಟರಿಗೆ ಕಾಲು ತೊಳೆಯಲು ನೀರು ಕೊಡುವುದು ನಮ್ಮಲ್ಲಿ ಮರ್ಯಾದೆ. ಬಾಡಿಗೆ ಕೊಡುವ ಗಿರಾಕಿಗೆ ಕಾಲು ತೊಳೆ ಎಂದು ನೀರು ಕೊಡುವುದು ಭಾವನ ಮರ್ಯಾದೆ. ಈಶ್ವರಮಂಗಲದ ಕಡೆಯಿಂದ ಕೆಂಪು ಮಣ್ಣು ತುಳಿದುಕೊಂಡು ಕೋರ್ಟಿಗೆ ಬಂದ ಒಬ್ಬರು ಒಮ್ಮೆ ಕೇಳಿಯೇಬಿಟ್ಟರು, “ಇದು ಕಾರಾ, ದೇವಸ್ಥಾನವಾ ಮಾರಾಯ್ರೆ?”

“ದೇವಸ್ಥಾನಕ್ಕೆ ನೀವು ಹೋಗುದು ವರ್ಷಕ್ಕೊಮ್ಮೆ. ಇದಕ್ಕೆ ನಾನು ದಿನಾ ಪೂಜೆ ಮಾಡುದು. ಹಿಮ್ಮಡಿ ತೊಳೀರಿ, ಹಿಮ್ಮಡಿ.”

ಅದಾದರೂ ನಗುವ ವಿಷಯ. ಒಮ್ಮೆ ಕಡಬದ ಕಡೆಯ ಅಜ್ಜಿಯೊಬ್ಬರನ್ನು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋಗಬೇಕಿತ್ತು. ದಾರಿಯಲ್ಲಿ ವಾಂತಿ ಆದರೂ ಆದೀತು ಎಂದು ಮಗ ಪ್ರಾಮಾಣಿಕವಾಗಿ ಹೇಳಿದ. ಹೇಳಬಾರದಿತ್ತು. ಭಾವ ಅಜ್ಜಿಯನ್ನು ಬಹಳ ಜಾಗ್ರತೆಯಿಂದ ಕೈಹಿಡಿದು ತಂದು ನನ್ನ ಬಸ್ಸಿಗೆ ಹತ್ತಿಸಿದರು. “ಬಸ್ಸಿನಲ್ಲಿ ಗಾಳಿ ಬರ್ತದೆ ಭಾವ. ರೋಗಿಗೆ ಗಾಳಿ ಒಳ್ಳೆದು.” ಅಜ್ಜಿ ಅವರಿಗೆ ಕೈಮುಗಿದರು. ಭಾವ ಅಜ್ಜಿಯ ಕೈ ಹಿಡಿದಿದ್ದ ತಮ್ಮ ಕೈಯನ್ನು ಹಳದಿ ಬಟ್ಟೆಯಲ್ಲಿ ಒರೆಸಿಕೊಂಡರು.

ಈ ಹೊಳಪಿನ ಮೂಲ ಒಂದು ಹಸಿರು ಬಾಟಲಿ. ಹೆಂಡತಿಯ ತಮ್ಮ ಹಡಗಿನಲ್ಲಿ ಅಡುಗೆಯವನು. ಬೊಂಬಾಯಿಗೆ ಹಡಗು ಬಂದಾಗಲೆಲ್ಲ ಊರಿಗೆ ಬರುವವರ ಕೈಯಲ್ಲಿ ಫಾರಿನ್ ಕಾರ್ ಪಾಲಿಶ್ ಕಳಿಸುತ್ತಿದ್ದ. ನಮ್ಮ ಉಳಿದ ಡ್ರೈವರುಗಳು ಮೇಣ ಹಚ್ಚಿ ತೋಳು ಬೀಳುವವರೆಗೆ ತಿಕ್ಕುತ್ತಿದ್ದ ಕಾಲ ಅದು. ಭಾವ ನಾಲ್ಕು ಹನಿ ಬಟ್ಟೆಗೆ ಹಾಕಿ ಎಳೆದರೆ ಕಾರು ಆಗ ತಾನೇ ಎಣ್ಣೆಸ್ನಾನ ಮುಗಿಸಿ ಬಂದ ಮದುಮಗಳ ಹಾಗೆ. ಮಳೆಗಾಲದಲ್ಲಿ ಕೊಡೆ ಹಿಡಿದು ನಿಂತು ಪ್ರದರ್ಶನ ಬೇರೆ. “ನೋಡು ಭಾವ, ನೀರು ಹಿಡೀತದಾ ನೋಡು. ಕೆಸುವಿನ ಎಲೆಯ ಹಾಗೆ.” ಹೌದು, ನೀರು ಮುತ್ತಿನ ಹಾಗೆ ದುಂಡಗೆ ನಿಂತು ಉರುಳಿಹೋಗುತ್ತಿತ್ತು. ನಾವು ಬಾಯಿ ಬಿಟ್ಟು ನೋಡುತ್ತಿದ್ದೆವು. ಮನೆಯ ಹಿಂದೆ ಕೆಸು ಬೆಳೆಸಿ ಪತ್ರೊಡೆ ತಿಂದವರೇ ಎಲ್ಲರೂ. ಆ ಎಲೆಗೆ ನೀರಲ್ಲ, ಯಾವುದೂ ಅಂಟುವುದಿಲ್ಲ ಎಂಬುದು ಒಬ್ಬರ ಮಂಡೆಗೂ ಹೋಗಲಿಲ್ಲ.

ತಮ್ಮ ಕಾರು ಸಾಲದೆಂದು ಭಾವ ಬೇರೆಯವರ ಗಾಡಿಗಳನ್ನೂ ಬಿಡುತ್ತಿರಲಿಲ್ಲ. ನಿಂತ ಗಾಡಿಯ ಪಕ್ಕದಲ್ಲಿ ಹೋಗುವಾಗ ಹೆಗಲಿಂದ ಬಟ್ಟೆ ಇಳಿಯುತ್ತಿತ್ತು. “ಪಾಪ, ಒಂದು ಕೈ ಎಳೆದು ಬಿಡುವ.” ಡಾಕ್ಟರ ಮೋರಿಸ್, ಮಿಲ್ಲಿನವರ ಜೀಪು, ನನ್ನ ಬಸ್ಸಿನ ಮಡ್‌ಗಾರ್ಡು, ಎಲ್ಲದರ ಮೇಲೂ ಒಂದೊಂದು ಅರ್ಧ ಚಂದ್ರ. ಅಷ್ಟು ಜಾಗ ಮಾತ್ರ ಫಳಫಳ, ಉಳಿದದ್ದು ಇನ್ನೂ ಕೊಳಕಾಗಿ ಕಾಣುತ್ತಿತ್ತು. ಉದ್ದೇಶವೂ ಅದೇ ಇತ್ತೋ ಏನೋ.

ಈ ಎಲ್ಲ ಠೇಂಕಾರಕ್ಕೆ ಆಧಾರ ದಿಬ್ಬಣ. ಮದುಮಗನನ್ನು ಹುಡುಗಿ ಮನೆಗೆ ಕರೆದೊಯ್ಯುವ ದಿಬ್ಬಣದಲ್ಲಿ ಬಂಧುಬಳಗ ಬಸ್ಸಿನಲ್ಲಿ, ಮದುಮಗ ಭಾವನ ಕಾರಿನಲ್ಲಿ. ಪುತ್ತೂರಿನಿಂದ ಸುಳ್ಯದವರೆಗೆ ಅದು ಬರೆಯದ ಕಾನೂನು. “ಯಾರ ಕಾರು?” ಎಂದು ಹುಡುಗಿ ಮನೆಯವರು ಕೇಳಿದರೆ “ಭಾವನದ್ದು” ಎಂದು ಹೇಳುವುದು ಹುಡುಗನ ಕಡೆಯವರಿಗೆ ಹೆಮ್ಮೆ. ಮದುವೆ ಚಪ್ಪರದಲ್ಲಿ ಭಾವನಿಗೆ ಮೊದಲ ಪಂಕ್ತಿಯಲ್ಲೇ ಎಲೆ. ಡ್ರೈವರ್ ಎಂದು ಯಾರೂ ಕರೆಯುತ್ತಿರಲಿಲ್ಲ. ಅವರ ಬದುಕಿನಲ್ಲಿ ಅವರಿಗೆ ಬೇಕಾದದ್ದು ಅಷ್ಟೇ, ಆ ಮೊದಲ ಪಂಕ್ತಿ.

ಒಂದು ಸಂಜೆ ಕಡಬದಿಂದ ಬರುವಾಗ ಎತ್ತಿನ ಗಾಡಿಯ ಅಚ್ಚು ಕಾರಿನ ಎಡಬದಿಯನ್ನು ಮುಂದಿನಿಂದ ಹಿಂದಿನವರೆಗೆ ಗೀರಿ ಬಿಟ್ಟಿತು. ಸಮಯವೂ ಚೆನ್ನಾಗಿತ್ತು. ಬೆಟ್ಟಂಪಾಡಿಯ ದೊಡ್ಡ ಮನೆಯೊಂದರ ಮಗನಿಗೆ ಸುಳ್ಯದ ಹುಡುಗಿ ನಿಶ್ಚಯ ಆಗಿತ್ತು. ಆ ಮನೆಯ ಯಜಮಾನರು ಪೇಟೆಗೆ ಬಂದವರು ಕಾರಿಗೆ ಒಂದು ಸುತ್ತು ಬಂದು ಹೇಳಿದರು, “ಬಣ್ಣ ಹೊಡೆಸಿ ಮೊದಲಿನ ಹಾಗೆ ಮಾಡಿದ್ರೆ ನಿಮ್ಮದೇ ಕಾರು. ಇಲ್ಲದಿದ್ರೆ ಕಡಬದಲ್ಲಿ ಒಬ್ಬರು ಹೊಸ ಅಂಬಾಸಿಡರ್ ತೆಗೆದಿದ್ದಾರಂತೆ. ಬಿಳಿ.”

ಆ ‘ಬಿಳಿ’ ಎಂಬ ಮಾತು ಭಾವನಿಗೆ ನಾಟಿತು. ಮರುದಿನವೇ ಕಾರು ಬೊಳುವಾರಿನ ಲಾದ್ರು ಪೊರ್ಬುಗಳ ಶೆಡ್ಡಿಗೆ ಹೋಯಿತು.

ಕ್ರಿಶ್ಚಿಯನ್ನರಿಗೆ ನಮ್ಮಲ್ಲಿ ಮರ್ಯಾದೆಗೆ ‘ಪೊರ್ಬುಗಳು’ ಎನ್ನುವುದು. ಲಾದ್ರು ಪೊರ್ಬುಗಳು ಮಂಗಳೂರಿನಲ್ಲಿ ಪೇಂಟಿಂಗ್ ಕಲಿತವರು. ಒಳ್ಳೆಯ ಕೆಲಸ, ಬಾಯಿ ಸ್ವಲ್ಪ ಉದ್ದ. ಹಳೆ ಬಣ್ಣ ತಿಕ್ಕಿ, ಕಂಪ್ರೆಸರ್ ಇಟ್ಟು ಕಪ್ಪು ಬಣ್ಣ ಹೊಡೆದರು. ಕಣ್ಣೆದುರೇ ಬಣ್ಣ ಬಿಚ್ಚಿಕೊಂಡು ಸಣ್ಣ ಸಣ್ಣ ಗುಂಡಿ ಬಿತ್ತು, ಒಂದೊಂದರ ತಳದಲ್ಲಿ ಹಳೆಯ ಬಣ್ಣ ಇಣುಕುತ್ತಿತ್ತು. ಪೈಪಿನ ಗಾಳಿಯಲ್ಲಿ ನೀರು ಸೇರಿರಬೇಕು ಎಂದರು ಪೊರ್ಬುಗಳು. ಪೈಪು ಬಿಚ್ಚಿ ಒಣಗಿಸಿ, ಮತ್ತೆ ತಿಕ್ಕಿ, ಮತ್ತೆ ಹೊಡೆದರು. ಗುಂಡಿ ಹೆಚ್ಚಾಯಿತು. ಬಣ್ಣ ಹೊಡೆಯುವ ಸ್ವಲ್ಪ ಮುಂಚೆ ಭಾವ ಶೆಡ್ಡಿಗೆ ಬಂದು, “ಧೂಳು ಉಂಟು ಪೊರ್ಬುಗಳೇ, ನಿಮಗೆ ಕಾಣುದಿಲ್ಲ” ಎಂದು ಇಡೀ ಬಾಡಿಯನ್ನು ಹಳದಿ ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದರು. ಪ್ರತಿ ಸಲವೂ.

“ಪೊರ್ಬುಗಳು ಬಣ್ಣದ ತಿನ್ನರಿಗೆ ಸೀಮೆಎಣ್ಣೆ ಬೆರೆಸ್ತಾರೆ” ಎಂದು ಭಾವ ಪೇಟೆಯಲ್ಲಿ ಹೇಳಲು ಶುರುಮಾಡಿದರು. ಪೊರ್ಬುಗಳು “ಭಾವ ಕಾರಿಗೆ ದೃಷ್ಟಿ ತೆಗೆಸಲಿ” ಎಂದರು. ಅದೊಂದು ಸಿಟ್ಟಿನ ಮಾತು. ಭಾವ ಅದನ್ನು ಸಲಹೆ ಎಂದು ಹಿಡಿದುಕೊಂಡರು. ಜೋಯಿಸರಲ್ಲಿ ಹೋಗಿ ಪ್ರಶ್ನೆ ಇಡಿಸಿದರು. ಕವಡೆ ಮಗುಚಿ ನೋಡಿ ಜೋಯಿಸರು ಹೇಳಿದ್ದು ನಾಗದೋಷ. ನಮ್ಮಲ್ಲಿ ಮೈಮೇಲೆ ಕಜ್ಜಿ, ತುರಿ, ತೊನ್ನು ಏನು ಕಂಡರೂ ಮದ್ದಿಗೆ ಮೊದಲು ನಾಗನ ನೆನಪಾಗುತ್ತದೆ, ಅದು ಸರಿಯೇ.

“ಆದ್ರೆ ಕಾರಿಗೆ ಚರ್ಮ ಎಲ್ಲಿಂದ ಭಾವ?” ಎಂದು ಕೇಳಿದೆ.

“ಬಣ್ಣ ಅಂದ್ರೆ ಕಾರಿಗೆ ಚರ್ಮವೇ ಅಲ್ವಾ? ಗುತ್ತಿಗಾರಿನ ದಾರಿಯಲ್ಲಿ ಒಮ್ಮೆ ಚಕ್ರದ ಅಡಿಗೆ ಎಂತದೋ ಸಿಕ್ಕಿತ್ತು. ನಾನು ಕೇರೆ ಅಂದ್ಕೊಂಡಿದ್ದೆ.”

ಹೀಗೆ ಆಶ್ಲೇಷ ಬಲಿ ಮಾಡಿಸಲು ಭಾವ ಸುಬ್ರಹ್ಮಣ್ಯಕ್ಕೆ ಹೊರಟರು. ಕಾರು ಶೆಡ್ಡಿನಲ್ಲಿ, ಹಾಗಾಗಿ ಹೋದದ್ದು ನನ್ನ ಬಸ್ಸಿನಲ್ಲಿ. ಕಾಲಿಟ್ಟಾಗ ಕಂಡಕ್ಟರ್ ಬಾಗಿಲಲ್ಲೇ ತಡೆದು ಒಂದು ಚೆಂಬು ನೀರು ಮುಂದೆ ಹಿಡಿದ. “ಹಿಮ್ಮಡಿ ತೊಳೀರಿ ಭಾವ, ಹಿಮ್ಮಡಿ.” ಬಸ್ಸಿಗೆ ಬಸ್ಸೇ ನಕ್ಕಿತು. ಭಾವ ನಿಜವಾಗಿಯೂ ಕಾಲು ತೊಳೆದರು. ಮತ್ತೆ ಸೀಟು ಒರೆಸಿ ಕುಳಿತರು. ಆ ಸೀಟಿನ ಕಂಬಿಗೂ ಮುಂದೆ ಪೇಂಟ್ ಹಿಡಿಯಲಿಲ್ಲ ಎನ್ನುವುದು ಬೇರೆ.

ಬಲಿ ಮುಗಿಸಿ ಪ್ರಸಾದ ತಂದು ಬಾನೆಟ್ಟಿನ ಮೇಲಿಟ್ಟರು. ಪೊರ್ಬುಗಳು ಶಿಲುಬೆ ಗುರುತು ಮಾಡಿಕೊಂಡು ಮೂರನೇ ಸಲ ಬಣ್ಣ ಹೊಡೆದರು. ಎರಡೂ ಕಡೆಯ ದೇವರು ಕೈಬಿಟ್ಟರು.

ಆ ವಾರವೇ ಡಾಕ್ಟರ ಮೋರಿಸ್ ಕೂಡ ಬಣ್ಣಕ್ಕೆ ಬಂದಿತ್ತು. ಪೊರ್ಬುಗಳು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಇಡೀ ಕಾರು ಕನ್ನಡಿಯ ಹಾಗೆ ಬಂದಿದೆ, ಎಡಗಡೆ ಮಡ್‌ಗಾರ್ಡಿನಲ್ಲಿ ಮಾತ್ರ ಗುಂಡಿಗಳು. ಸಿಕ್ಕಲ್ಲಿ ಅಲ್ಲ, ಸಾಲಾಗಿ, ಎಡದಿಂದ ಬಲಕ್ಕೆ ದೊಡ್ಡ ಅರ್ಧ ಚಂದ್ರ.

“ಇದು ಯಾರೋ ಒರೆಸಿದ ಹಾಗೆ ಉಂಟಲ್ಲ?” ಎಂದರು ಪೊರ್ಬುಗಳು.

ಯಾರೋ ಏನು ಬಂತು. ಆ ಅರ್ಧ ಚಂದ್ರವನ್ನು ನಾನು ದಿನಾ ಬೆಳಿಗ್ಗೆ ನನ್ನ ಕುರ್ಚಿಯ ಮೇಲೆ ನೋಡುವವನು. ಹೆಸರು ಹೇಳಿದೆ. ಪೊರ್ಬುಗಳು ಸ್ಪ್ರೇ ಗನ್ ಕೆಳಗಿಟ್ಟು ಅಲ್ಲೇ ಡಬ್ಬಿಯ ಮೇಲೆ ಕುಳಿತುಬಿಟ್ಟರು.

ಬಣ್ಣ ಮಾರಲು ಮಂಗಳೂರಿನಿಂದ ಬರುವ ಏಜೆಂಟ್ ಒಬ್ಬರಿದ್ದರು. ಅವರು ಬಂದಾಗ ಭಾವ ಬಿಸಾಡಿದ್ದ ಖಾಲಿ ಹಸಿರು ಬಾಟಲಿ ತೋರಿಸಿದೆವು. “ಹೋಯ್, ಇದರಲ್ಲಿ ಸಿಲಿಕೋನ್ ಉಂಟು ಮಾರಾಯ್ರೆ” ಎಂದು ನಕ್ಕರು. “ಹೊಳಪು ಬರುದು ಅದರಿಂದಲೇ. ಇದ್ದ ಬಣ್ಣಕ್ಕೆ ಎಂತದೂ ಆಗುದಿಲ್ಲ. ಹೊಸ ಬಣ್ಣ ಬಂದ್ರೆ ಮಾತ್ರ ಹತ್ತಿರ ಸೇರಿಸುದಿಲ್ಲ, ದೂಡಿಬಿಡ್ತದೆ. ಸಾಸಿವೆಯಷ್ಟು ಸಾಕು. ತಿಕ್ಕಿದ್ರೆ ಹೋಗುದಿಲ್ಲ, ಹರಡ್ತದೆ. ಒರೆಸಿದ್ರೆ ಆ ಬಟ್ಟೆಯಲ್ಲಿಯೇ ಇನ್ನೊಂದು ಗಾಡಿಗೆ ಹೋಗ್ತದೆ. ಈ ಗುಂಡಿಗೆ ನಾವು ಮೀನಿನ ಕಣ್ಣು ಅಂತ ಹೇಳುದು.”

ಮದುವೆಗೆ ಇನ್ನೂ ಒಂದು ವಾರವಿತ್ತು. ಮರುದಿನ ಬೆಳಿಗ್ಗೆ ಭಾವ ಪೇಪರಿಗೆ ಬಂದಾಗ ಪೊರ್ಬುಗಳೂ ನನ್ನ ಆಫೀಸಿನಲ್ಲಿದ್ದರು. ಭಾವ ಕುರ್ಚಿ ಒರೆಸಿ ಕುಳಿತರು. ಅರ್ಧ ಚಂದ್ರದ ವಿಷಯವನ್ನು ನಾನೇ ಹೇಳಿದೆ, ಸಿಲಿಕೋನ್ ವಿಷಯವನ್ನು ಪೊರ್ಬುಗಳು ಹೇಳಿದರು. ಭಾವ ಬಟ್ಟೆಯನ್ನು ತೊಡೆಯ ಮೇಲೆ ನಾಲ್ಕು ಮಡಿಕೆ ಮಾಡಿ ಕೇಳಿಸಿಕೊಂಡರು.

“ಈಗಲೂ ಆಗ್ತದೆ ಧಣಿ” ಎಂದರು ಪೊರ್ಬುಗಳು. “ಎಲ್ಲ ತಿನ್ನರಿನಲ್ಲಿ ತೊಳೆದು, ತೊಳೆದ ಬಟ್ಟೆ ಬಿಸಾಡಿ, ಹೊಸ ಬಟ್ಟೆಯಲ್ಲಿ ತೊಳೆದು ಹೊಡೆದುಕೊಡ್ತೇನೆ. ದಿಬ್ಬಣಕ್ಕೆ ನಿಮ್ಮದೇ ಕಾರು ಹೋಗ್ತದೆ. ಅಲ್ಲಿವರೆಗೆ ನೀವು ಶೆಡ್ಡಿಗೆ ಬರಬಾರದು. ಆ ಹಳದಿ ಬಟ್ಟೆ ಮೊದಲೇ ಬರಬಾರದು.”

“ಅಂದ್ರೆ ನನ್ನ ಪಾಲಿಶಿನಿಂದ ನನ್ನ ಕಾರು ಲಗಾಡಿ ಹೋಯ್ತು ಅಂತ?”

“ನಿಮ್ಮದು ಮಾತ್ರ ಅಲ್ಲ, ಡಾಕ್ಟ್ರದ್ದೂ.”

ಭಾವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಎದ್ದರು. “ನಾಗದೋಷ ಅಂತ ಹೇಳಿ, ಒಪ್ತೇನೆ. ಅದು ನಮ್ಮ ಮನೆತನಕ್ಕೆ ಅಜ್ಜನ ಕಾಲದಿಂದ ಉಂಟು. ಪಾಲಿಶಿನ ದೋಷ ಅಂತ ಹೇಳ್ಬೇಡಿ. ಸಿಲಿಕೋನ್ ಅಂತೆ. ಸೀಮೆಎಣ್ಣೆ ಬೆರೆಸಿದವರಿಗೆ ಒಂದು ನೆಪ ಬೇಡ್ವಾ? ನಾನು ನಂಬುದಿಲ್ಲ.”

ಅದೇ ಮಧ್ಯಾಹ್ನ ಶೆಡ್ಡಿನಿಂದ ಕಾರನ್ನು ಹೇಗಿತ್ತೋ ಹಾಗೆ ತಂದು ನಿಲ್ಲಿಸಿ, ಗುಂಡಿಗಳ ಮೇಲೇ ಪಾಲಿಶ್ ಎಳೆದರು. ಗುಂಡಿಗಳು ಒಂದೊಂದೂ ಹೊಳೆದವು. ನೋಡಲು ಬಂದ ಬೆಟ್ಟಂಪಾಡಿಯ ಯಜಮಾನರಿಗೆ “ಇದು ಫಾರಿನ್ ಡಿಸೈನ್” ಎಂದರು. ಯಜಮಾನರು ಬಾಗಿಲಿನ ಮೇಲೆ ಅಂಗೈ ಆಡಿಸಿ ನೋಡಿದರು.

“ಡಿಸೈನ್ ಚಂದ ಉಂಟು. ಆದ್ರೆ ಮದುಮಗನ ಕಾರಿಗೆ ಸಿಡುಬು ಬಂದಿದೆ ಅಂತ ಹುಡುಗಿ ಮನೆಯವರು ಹೇಳ್ಬಾರ್ದಲ್ಲ ಭಾವ.”

ಮದುವೆಯ ಬೆಳಿಗ್ಗೆ ಕಡಬದ ಬಿಳಿ ಅಂಬಾಸಿಡರ್ ಹೂವಿನ ಅಲಂಕಾರಕ್ಕೆ ಪುತ್ತೂರು ಪೇಟೆಗೆ ಬಂದು ನಿಂತಿತು, ಸರಿಯಾಗಿ ಭಾವನ ಕಾರು ನಿಲ್ಲುವ ಜಾಗದ ಎದುರು. ಯಜಮಾನರೂ ಮಲ್ಲಿಗೆ ಆರಿಸಲು ಬಂದಿದ್ದರು. ನಾನೂ ಪೊರ್ಬುಗಳೂ ಚಾ ಕುಡಿಯುತ್ತಾ ನಿಂತಿದ್ದೆವು. ಭಾವ ಬರಲಿಕ್ಕಿಲ್ಲ ಎಂದುಕೊಂಡಿದ್ದೆವು. ಬಂದರು. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲಲ್ಲಿ ಬಟ್ಟೆ, ಕೈಯಲ್ಲಿ ಆಗಷ್ಟೇ ಮುಚ್ಚಳ ತೆಗೆದ ಹಸಿರು ಬಾಟಲಿ.

“ಮದುಮಗನ ಕಾರು ಹೀಗೆ ಇಡುದಾ ಮಾರಾಯ?” ಎಂದು ಕಡಬದ ಡ್ರೈವರನ ಬೆನ್ನು ತಟ್ಟಿದರು. “ಹೂ ಆಮೇಲೆ ಕಟ್ಟು. ಮೊದಲು ನಾನು ಒಂದು ಕೈ ಎಳೆದು ಕೊಡ್ತೇನೆ.”

ಒಂದು ಕೈ ಅಲ್ಲ. ಮೇಲಿನಿಂದ ಕೆಳಗಿನವರೆಗೆ, ಬಾಗಿಲು ತೆರೆದು ಒಳಗಿನ ಅಂಚು, ಬಾನೆಟ್ ಎತ್ತಿ ಅದರ ಹಿಂಬದಿ. ಆಮೇಲೆ ಬಿಳಿ ಪಂಚೆಯನ್ನು ಮೊಣಕಾಲಿಗೆ ಕಟ್ಟಿ ಮಣ್ಣಿನ ಮೇಲೆ ಕುಳಿತು ಮಡ್‌ಗಾರ್ಡಿನ ಅಡಿಗೆ ಕೈ ಹಾಕಿದರು. ಬಾಟಲಿ ಖಾಲಿಯಾಗುವವರೆಗೆ ಬಿಡಲಿಲ್ಲ. ಸುತ್ತ ಜನ ಸೇರಿತ್ತು. ಯಜಮಾನರ ಕಣ್ಣಲ್ಲಿ ನೀರು ಬಂದಿತ್ತು. “ತನ್ನ ಕಾರು ಹೋಗದಿದ್ರೂ ನೋಡಿ, ಎಂಥ ದೊಡ್ಡ ಮನಸ್ಸು. ಭಾವ, ನೀವು ಬರ್ಲೇಬೇಕು. ಮೊದಲ ಪಂಕ್ತಿಯಲ್ಲಿ ನಿಮಗೆ ಎಲೆ ಉಂಟು.”

ಪೊರ್ಬುಗಳ ಚಾ ಗ್ಲಾಸು ತುಟಿಯ ಹತ್ತಿರವೇ ನಿಂತಿತ್ತು. “ನಂಬುದಿಲ್ಲ ಅಂತ ಹೇಳಿದ್ದಲ್ವಾ ಇವರು?”

“ಹಾಗೇ ಹೇಳಿದ್ದು.”

“ನಂಬದವರು ಕಾರಿನ ಅಡಿಗೆ ಹೊಕ್ಕು ಒರೆಸ್ತಾರಾ ಮಾರಾಯ್ರೆ?”

ಭಾವ ಎದ್ದು ಪಂಚೆಯ ಮಣ್ಣು ಕೊಡವಿಕೊಂಡರು, ಬಗ್ಗಿ ಆ ಬಿಳಿ ಬಾನೆಟ್ಟಿನಲ್ಲಿ ತಲೆ ಬಾಚಿಕೊಂಡರು. ಅಂಬಾಸಿಡರ್ ಹೂ ಕಟ್ಟಿಸಿಕೊಂಡು ಹೊರಟಿತು. ಸುಳ್ಯದಲ್ಲಿ ಎಲ್ಲರೂ ಅದರ ಹೊಳಪನ್ನೇ ಹೊಗಳಿದರಂತೆ. ಮೊದಲ ಪಂಕ್ತಿಯಲ್ಲಿ ಭಾವ ಎರಡು ಸಲ ಪಾಯಸ ಹಾಕಿಸಿಕೊಂಡರಂತೆ. ಎಷ್ಟೋ ಸಮಯದ ಮೇಲೆ ಆ ಬಿಳಿ ಕಾರು ಬಣ್ಣ ಕಳೆದುಕೊಂಡು ಬೊಳುವಾರಿನ ಶೆಡ್ಡಿಗೆ ಬಂದಾಗ ಪೊರ್ಬುಗಳು ಅದರ ನಂಬರ್ ನೋಡಿಯೇ ಬಾಗಿಲು ಹಾಕಿಕೊಂಡರು. ಭಾವ ತಮ್ಮ ಸಿಡುಬಿನ ಕಾರನ್ನು ಕೊನೆಯವರೆಗೂ ಹಾಗೆಯೇ ಓಡಿಸಿದರು, ಹೊಸ ಗಿರಾಕಿಗಳಿಗೆ ಫಾರಿನ್ ಡಿಸೈನ್ ಎನ್ನುತ್ತಾ, ಕಾಲು ತೊಳೆಸುತ್ತಾ. ತೀರಿಕೊಂಡಾಗ ಊರವರು ಅವರ ಬಗ್ಗೆ ಹೇಳಿದ್ದು ಆ ಬೆಳಗಿನ ದೊಡ್ಡ ಮನಸ್ಸಿನ ಕಥೆಯನ್ನೇ.

ಆ ಬೆಳಿಗ್ಗೆ ಇನ್ನೊಂದು ಸಣ್ಣ ಸಂಗತಿ ನಡೆದಿತ್ತು. ಸುಳ್ಯಕ್ಕೆ ಹೊರಡುವ ಮುಂಚೆ ಭಾವ ನನ್ನ ಆಫೀಸಿಗೆ ಬಂದರು. ಬಟ್ಟೆಯಲ್ಲಿ ಇನ್ನೂ ಪಸೆ ಇತ್ತು. ನನ್ನ ಕಬ್ಬಿಣದ ಕುರ್ಚಿಯನ್ನು ಎತ್ತಿ, ಮಗುಚಿ, ನಿಧಾನವಾಗಿ ಇಡೀ ಒರೆಸಿದರು.

“ಇವತ್ತು ಕೂತ್ಕೊಳ್ಳುದಿಲ್ವಾ ಭಾವ?” ಎಂದು ಕೇಳಿದೆ.

“ಇಲ್ಲ ಭಾವ. ನೀನೇ ಕೂತ್ಕೋ, ತುಂಬ ವರ್ಷ ಕೂತ್ಕೋ.”

ಹೇಳಬಾರದ್ದನ್ನು ಹೇಳಿದ ನನ್ನ ಮೇಲೆ ಅವರಿಗೆ ಸಿಟ್ಟಿಲ್ಲವಲ್ಲ ಎಂದು ಮನಸ್ಸು ತುಂಬಿ ಬಂತು. ಆಫೀಸು ಬಿಟ್ಟಾಗ ಬೇರೆಲ್ಲ ಅಲ್ಲೇ ಬಿಟ್ಟು ಆ ಕುರ್ಚಿಯೊಂದನ್ನು ಮನೆಗೆ ತಂದೆ, ಭಾವನ ಪ್ರೀತಿಯ ನೆನಪಿಗೆ. ಬಂದವರಿಗೆಲ್ಲ ತೋರಿಸಿದ್ದೇನೆ.

“ಮರಳು ಕಾಗದ ಹಾಕಿ ತಿಕ್ಕಲಾ ಸರ್?” ಎಂದು ಪೇಂಟಿನವರು ದೂರದಿಂದಲೇ ಕೇಳಿದರು.

“ಬೇಡ” ಎಂದೆ. “ತಿಕ್ಕಿದ್ರೆ ಹರಡ್ತದೆ.”

ದಿನಾ ಕೂರುವ ಮನುಷ್ಯ ಒರೆಸುವುದು ಸೀಟನ್ನು ಮಾತ್ರ. ಅವತ್ತು ಅವರು ಕೂರಲೇ ಇಲ್ಲ, ನಾಲ್ಕೂ ಕಾಲು ಒರೆಸಿ ಹೋದರು.